ಎಡಗಿವಿಗೆ ಎರಡು ಕಚ್ಚು

ಸೈಲೆನ್ಸ್ ಅಂದ್ರೆ ಮೌನ. ಅವರಪ್ಪ ಯಾವ ಗಳಿಗೇಲಿ ಆ ಹೆಸರಿಟ್ಟನೋ! ಅವಳು ಹಿತ್ತಲಲ್ಲಿ ನಿಂತು ಹಂದೀನ ಕೂಗಿದ್ರೆ, ಮ್ಯಾಸಚೂಸೆಟ್ಸ್ ಕಡಲಲ್ಲಿದ್ದ ಮೀನುಗಾರರೆಲ್ಲ ನಮ್ಮ ಮನೆಯೋಳೇ ಊಟಕ್ಕೆ ಕರೀತಿದಾಳೆ ಅಂತ ದೋಣಿ ತಿರುಗಿಸಿಬಿಡ್ತಿದ್ರು.

ಅವತ್ತು ಎಷ್ಟು ಕೂಗಿದ್ರೂ ಹಂದಿ ಬರಲಿಲ್ಲ. ಪಾದ್ರಿಗಳ ತೋಟಕ್ಕೆ ನುಗ್ಗಿ, ಎಲೆಕೋಸು ತಿಂದು, ಬಾಯಾಡಿಸೋಕೆ ಬೇಲೀನೂ ತಿಂದು, ಊರ ದೊಡ್ಡಿ ಸೇರಿತ್ತು. ಗಬ್ಬದ ಹಂದಿ. ಬರೋ ಚಳಿಗಾಲಕ್ಕೆ ಅವಳಿಗೆ ಗತಿ ಅಂತ ಇದ್ದದ್ದು ಅದೊಂದೇ. ಸಂಜೆಯೊಳಗೆ ಬಿಡಿಸ್ಕೊಳ್ಳದಿದ್ರೆ ಊರಿನ ಪಾಲು.

ಓಡಿದ್ಲು ಊರ ಗುಮಾಸ್ತ ಬಾರ್ಜಿಲೈ ಹತ್ರ. ಅವನು ಕಿವಿ ಗುರುತಿನ ಪುಸ್ತಕ ತೆಗೆದ. ಯಾವ ಹಂದಿ ಯಾರದು ಅಂತ ಗೊತ್ತಾಗೋಕೆ ಒಬ್ಬೊಬ್ರು ಒಂದೊಂದು ಥರ ಕಿವಿ ಕುಯ್ದು, ಆ ಗುರುತನ್ನ ಅದರಲ್ಲಿ ಬರೆಸಿಡ್ತಿದ್ರು.

"ಎಡಗಿವಿಗೆ ಎರಡು ಕಚ್ಚು, ಬಲಗಿವಿಗೆ ಒಂದು ತೂತು. ಸರಿಯಾಗೇ ಇದೆ ಕಣಮ್ಮ. ಆದ್ರೆ ಗುರುತು ಇರೋದು ನಿನ್ನ ಗಂಡ ಜೇಬೆಜ್ ಹೆಸರಲ್ಲಿ. ಅವನೇ ಬರಬೇಕು."

"ಆ ಕಿವಿ ಕುಯ್ದೋಳು ನಾನು ಕಣ್ರೀ! ಅವನಿಗೆ ರಕ್ತ ಕಂಡ್ರೆ ತಲೆ ಸುತ್ತುತ್ತೆ. ಮೀನಿಗೆ ಅಂತ ಹೋಗಿ ನಾಲ್ಕು ವರ್ಷ ಆಯ್ತು. ಎಲ್ಲಿಂದ ತರಲಿ?"

"ಸತ್ತೋದ್ನಾ?"

"ಮೀನುಗಳ್ನ ಕೇಳಿ."

"ಸತ್ತಿದ್ರೆ ಸಲೀಸಾಗಿತ್ತು. ವಿಧವೆಗೆ ಹಕ್ಕಿದೆ, ಗಂಡ ಇರೋಳಿಗಿಲ್ಲ. ಏಳು ವರ್ಷ ಆಗೋವರೆಗೂ ಅವನು ಬದುಕಿದಾನೆ ಅಂತ್ಲೇ ಲೆಕ್ಕ."

"ಹಾಗಾದ್ರೆ ಸತ್ತ ಅಂತ್ಲೇ ಬರ್ಕೊಳ್ಳಿ! ಈಗಲೇ ಕರೀ ಬಟ್ಟೆ ಹಾಕ್ಕೊಂಡು ಅತ್ಕೊಂಡು ಬರ್ತೀನಿ."

"ಅತ್ರೂ ನಿಂಗೆ ಸಿಗೋದು ಮೂರರಲ್ಲಿ ಒಂದು ಪಾಲು ಕಣಮ್ಮ. ಮಿಕ್ಕಿದ್ದು ಅವನ ತಮ್ಮನಿಗೆ."

"ಮೂರರಲ್ಲಿ ಒಂದು ಪಾಲು ಹಂದೀನಾ? ಮೂತಿ ಕಡೇದೋ, ಬಾಲದ ಕಡೇದೋ? ಮರಿ ಇರೋದು ನಡುವೆ, ಗೊತ್ತಲ್ಲ!"

ಬಾರ್ಜಿಲೈ ಪುಸ್ತಕ ಮುಚ್ಚಿದ. ಸೈಲೆನ್ಸ್‌ಗೆ ಮೈಯೆಲ್ಲ ಉರಿದೋಯ್ತು. ಆ ಉರೀಲಿ ರೊಟ್ಟಿ ಬೇಯಿಸಿದ್ರೆ ಊರಿಗೆಲ್ಲ ಆಗ್ತಿತ್ತು. ನೆಟ್ಟಗೆ ದೊಡ್ಡಿಗೆ ಹೋದ್ಲು, ಲಂಗ ಎತ್ತಿ ಕಟ್ಟಿದ್ಲು, ಕಲ್ಲಿನ ಗೋಡೆ ಹತ್ತಿ ಒಳಗೆ ಧುಮುಕಿದ್ಲು. ಹಂದಿ ಪಕ್ಕ ಕೆಸರಲ್ಲೇ ಕೂತ್ಲು.

ಗುಮಾಸ್ತ ಏದುಸಿರು ಬಿಡ್ತಾ ಹಿಂದೇನೇ ಬಂದ. "ಏನಮ್ಮಾ ಇದು ಅವತಾರ? ಬಾ ಹೊರಗೆ!"

"ಬರಲ್ಲ. ನಾನೂ ಜೇಬೆಜ್ ಸೊತ್ತೇ ತಾನೆ? ಅವನೇ ಬಂದು ಇಬ್ರನ್ನೂ ಬಿಡಿಸ್ಕೊಳ್ಳಲಿ."

"ನಿನ್ನ ಕಿವೀಲಿ ಕಚ್ಚಿಲ್ವಲ್ಲ?" ಅಂತ ನಕ್ಕ ಅವನು.

"ಕಚ್ಚಿಲ್ಲ ತಾನೆ? ಹಾಗಾದ್ರೆ ನಾನು ಯಾರ ಸೊತ್ತೂ ಅಲ್ಲ ಅಂತ ಬರೆದು ಕೊಡಿ. ಆ ಚೀಟಿ ತೋರಿಸಿ ನನ್ನ ಹೆಸರಿಗೇ ಒಂದು ಗುರುತು ಮಾಡಿಸ್ಕೋತೀನಿ."

ಬಾರ್ಜಿಲೈ ತಲೆ ಕೆರ್ಕೊಂಡ. ಪಾಪ, ನಿಜವಾಗ್ಲೂ ಯೋಚನೆ ಮಾಡ್ದ. ಆಮೇಲೆ ಮೆಲ್ಲಗೆ ಅಂದ:

"ಬರೆದು ಕೊಡಬಹುದು ತಾಯಿ. ಅದಕ್ಕೂ ನಿನ್ನ ಗಂಡನ ಸಹಿ ಬೇಕಾಗುತ್ತೆ."

ಸೈಲೆನ್ಸ್ ಒಂದು ಹಿಡಿ ಕೆಸರು ಎತ್ತಿ ಬೀಸಿದ್ಲು. ಗುರಿ ತಪ್ಪಲಿಲ್ಲ. ಬಾರ್ಜಿಲೈ ಮುಖ ಒರೆಸ್ಕೊಂಡು ಹೊತ್ತು ನೋಡ್ದ. ಸೂರ್ಯ ಮುಳುಗ್ತಿದ್ದ. ಹಂದಿ ಊರ ಪಾಲಾಯ್ತು ಅಂತ ಕೂಗಿ ಹೇಳಿ, ಬಾಗಿಲಿಗೆ ಬೀಗ ಜಡಿದ.

ಒಳಗೆ ಹಂದಿ ಒಂದು ಸಲ ನರಳಿ ಮಗ್ಗುಲಾಯ್ತು. ಸೈಲೆನ್ಸ್ ಅಂಗಿ ತೋಳು ಮೇಲಕ್ಕೆ ಮಡಚಿದ್ಲು. ಮೊದಲ ಮರಿ ಬರ್ತಿತ್ತು, ಇನ್ನೂ ಯಾರ ಕಚ್ಚೂ ಬೀಳದ ಕಿವಿ ಹೊತ್ಕೊಂಡು.