ಸುಗ್ಗಿ ಹಬ್ಬದ ತತ್ತಿ

ತತ್ತಿಗೆ ರಕ್ತ ಹತ್ತಿತ್ತು. ಫ್ಲೋರೆನ್ಸ್ ಸೆರಗಿನಿಂದ ಒರೆಸಿ ಅಂಗೈಯಲ್ಲಿಟ್ಟು ನೋಡಿದಳು. ನಿಂಬೆಹಣ್ಣಿನಷ್ಟಿತ್ತು. ಆದರೇನು, ತತ್ತಿ ತತ್ತಿಯೇ. ಹಬ್ಬಕ್ಕೆ ಐದು ದಿನ ಇರುವಾಗ ದೇವರು ಅವಳ ಮಾತು ಉಳಿಸಿದ್ದ.

ಗಂಡ ಪಾಲ್‌ನ ಗ್ಯಾರೇಜು ಮುಚ್ಚಿದ ಮೇಲೆ ಇಬ್ಬರೂ ರಾಯಾಪುರದ ಮನೆಯ ಹಿತ್ತಲಿಗೆ ನೂರಿಪ್ಪತ್ತು ಕೋಳಿಮರಿ ತಂದಿದ್ದರು. ಇನ್ನು ಮನೆ ನಡೆಯಬೇಕಾದದ್ದು ಇವುಗಳಿಂದಲೇ. ಆ ಉಮೇದಿನಲ್ಲಿ ಫ್ಲೋರೆನ್ಸ್ ಚರ್ಚಿನಲ್ಲಿ ಎದ್ದು ನಿಂತು, ಮೊದಲ ತತ್ತಿ ಸುಗ್ಗಿ ಹಬ್ಬಕ್ಕೆ ದೇವರಿಗೆ ಎಂದು ಎಲ್ಲರೆದುರು ಹೇಳಿಬಿಟ್ಟಳು. ಹಬ್ಬದ ಹೊತ್ತಿಗೆ ಮರಿಗಳಿಗೆ ನಾಲ್ಕು ತಿಂಗಳೂ ತುಂಬುವುದಿಲ್ಲ ಎಂಬುದು ಪುಣ್ಯಾತ್ಗಿತ್ತಿಗೆ ಹೊಳೆದದ್ದು ಆಮೇಲೆ. ತತ್ತಿಯಿಡಲು ಐದು ತಿಂಗಳಾದರೂ ಆಗಬೇಕು, ಅಲ್ಲಿಯತನಕ ಫೀಡಿನ ಅಳತೆಯ ಡಬ್ಬಿ ಮೀರಬೇಡ ಎಂದು ಪಾಲ್ ಹೇಳಿದ್ದ. ಅವನು ಆಚೆ ಹೋದಾಗೆಲ್ಲ ಅವಳು ತತ್ತಿಯಿಡುವ ಕೋಳಿಗಳ ಫೀಡನ್ನೇ ತಂದು ಡಬ್ಬಿಗಟ್ಟಲೆ ಸುರಿದಳು.

ಪಕ್ಕದ ಮನೆಯ ಹುಸೇನಬಿ ಕೋಳಿ ಸಾಕುತ್ತಲೇ ಮುದುಕಿಯಾದವಳು. ಬೇಲಿಯಾಚೆಯಿಂದ ತತ್ತಿ ನೋಡಿದಳು. ಮುಖ ಅರಳಲಿಲ್ಲ.

"ಏನ್ ತಿನಿಸಿದಿ? ಖರೇ ಹೇಳ ತಂಗಿ."

ಫ್ಲೋರೆನ್ಸ್ ಹೇಳಿದಳು.

"ಮೈ ಬೆಳದೈತಿ, ಎಲುಬು ಬಲಿತಿಲ್ಲ. ಹಿಂಗ ತತ್ತಿ ಇಟ್ರ ಕರಳ ಹೊರಗ ಬರ್ತಾವ. ಒಂದರ ರಕ್ತ ಕಂಡ್ರ ಉಳಿದಾವು ಸುಮ್ನಿರೂದಿಲ್ಲ, ಕುಕ್ಕಿ ಕುಕ್ಕಿ ಕೊಲ್ತಾವ. ಇವತ್ತ ಫೀಡ್ ಕಡಿಮಿ ಮಾಡು. ರಕ್ತ ಬಂದದ್ದನ್ನ ಬ್ಯಾರೆ ಇಡು."

"ಐತವಾರ ಒಂದ್ ದಾಟ್ಲಿ ಅಕ್ಕಾರ. ಮಾತು ಕೊಟ್ಟೇನಿ."

ಐದು ದಿನಕ್ಕೆ ಹನ್ನೊಂದು ತತ್ತಿ ಸಿಕ್ಕವು. ಪಾಲ್‌ಗೆ ಅದು ದೇವರ ಕೃಪೆಯೇ ಅನ್ನಿಸಿತು. ಅವನು ನೋಡುವ ಮೊದಲೇ ಅವಳು ಒಂದೊಂದರ ರಕ್ತವನ್ನೂ ಒರೆಸಿ ಇಡುತ್ತಿದ್ದಳಲ್ಲ. ಹೆದರಿಕೆ ಇರಲಿಲ್ಲವೆಂದಲ್ಲ. ಆದರೂ ಡಬ್ಬಿ ಕಡಿಮೆ ಮಾಡಲಿಲ್ಲ. ರಕ್ತ ಬಂದವನ್ನು ಬೇರೆ ಇಡಲೂ ಇಲ್ಲ, ಇಟ್ಟರೆ ಪಾಲ್ ಯಾಕೆಂದು ಕೇಳುತ್ತಿದ್ದ.

ಭಾನುವಾರ ಆರಾಧನೆ ಮುಗಿದು ಚರ್ಚಿನಂಗಳದಲ್ಲಿ ಕಾಣಿಕೆಗಳ ಲಿಲಾವು ನಡೆಯಿತು. ಆ ಪುಟ್ಟ ತತ್ತಿಗಳಿಗೆ ಕುಂಬಳಕಾಯಿಗಿಂತ ಹೆಚ್ಚು ಬೆಲೆ ಕೂಗಿದರು.

"ನಿಮ್ಮ ಕೈಗುಣ ಛಲೋ ಐತಿ ಬಿಡ್ರಿ," ಎಂದರು ಪಾದ್ರಿಗಳು. ಪಾಲ್ ನಕ್ಕ. ಅವಳಿಗೆ ನಗಲು ಬರಲಿಲ್ಲ.

ಮನೆಗೆ ಬಂದಾಗ ಹಿತ್ತಲಲ್ಲಿ ಗದ್ದಲವೇ ಇರಲಿಲ್ಲ. ಬೇಲಿಯ ಹತ್ತಿರ ನಿಂತಿದ್ದ ಹುಸೇನಬಿ ಕೋಳಿಗೂಡಿನ ಕಡೆ ಕೈ ತೋರಿಸಿದಳು. ಪಾಲ್ ಹಬ್ಬದ ಅಂಗಿಯಲ್ಲೇ ಹೋಗಿ ಗೂಡಿನ ಜಾಲರಿ ಬಾಗಿಲು ತೆರೆದು ಅಲ್ಲೇ ನಿಂತುಬಿಟ್ಟ. ನೆಲದ ಹೊಟ್ಟಿನ ಮೇಲೆ ಅಲ್ಲೊಂದು ಇಲ್ಲೊಂದು ಕೋಳಿ ಅಲುಗಾಡದೆ ಬಿದ್ದಿತ್ತು. ಉಳಿದವು ಮೂಲೆಯಲ್ಲಿ ಏನನ್ನೋ ಮುತ್ತಿದ್ದವು.

"ಏನ್ ಹಾಕಿದಿ ಇವಕ್ಕ?" ಎಂದ, ತಿರುಗಿ ನೋಡದೆ.

ಅವಳ ಕಾಲು ಅಳತೆಯ ಡಬ್ಬಿಗೆ ತಾಗಿ ಖಣ್ ಎಂದಿತು. ಆ ಸದ್ದಿಗೆ ಕೋಳಿಗಳೆಲ್ಲ ತಲೆಯೆತ್ತಿ ಅವಳ ಕಡೆಗೇ ಓಡಿಬಂದವು. ಕೊಕ್ಕುಗಳು ಕೆಂಪಾಗಿದ್ದವು.