ಒಣ ದಾರಿಗೆ ಬರೆದ ಅರ್ಜಿ

ನಮ್ಮ ಊರು ಅಫಜಲಪುರ ತಾಲೂಕಿನಲ್ಲಿ, ಭೀಮಾ ನದಿಯಿಂದ ಸ್ವಲ್ಪ ಈಚೆಗೆ ಇದೆ. ಅಲ್ಲಿಯ ಕನ್ನಡ ಶಾಲೆಯಲ್ಲಿ ನಾನು ಮೂವತ್ತನಾಲ್ಕು ವರ್ಷ ಮಾಸ್ತರನಾಗಿದ್ದೆ. ನಿವೃತ್ತಿಯಾದ ಮೇಲೂ ಜನರು ಅರ್ಜಿ ಬರೆಸಿಕೊಳ್ಳಲು ನನ್ನಲ್ಲಿಗೇ ಬರುತ್ತಿದ್ದರು. ವಿಧವಾ ವೇತನ ನಿಂತಿರಲಿ, ಬೋರ್‌ವೆಲ್ ಕೆಟ್ಟಿರಲಿ, ದೇವೀಂದ್ರಪ್ಪ ಮಾಸ್ತರ ಬರೆದರೆ ಕೆಲಸ ಆಗುತ್ತದೆ ಎಂಬ ನಂಬಿಕೆ ಅವರಿಗೆ.

ಅರ್ಜಿಗೆ ಒಂದು ರೀತಿ ಇದೆ. ಮೊದಲು ಸನ್ಮಾನ್ಯರೇ ಎನ್ನಬೇಕು. ಆಮೇಲೆ, ತಾವು ಈ ಹಿಂದೆಯೂ ನಮ್ಮ ಮೇಲೆ ದಯೆ ತೋರಿದ್ದೀರಿ ಎಂದು ನೆನೆಯಬೇಕು. ಅನಂತರ ಬೇಡಿಕೆ. ಕೊನೆಯಲ್ಲಿ, ತಮ್ಮ ವಿಧೇಯ. ಎಂದೂ ದಯೆ ತೋರದವರಿಗೂ ಹೀಗೆಯೇ ಬರೆಯಬೇಕು, ಓದುವವರ ಮನಸ್ಸು ಮೆತ್ತಗಾಗುತ್ತದೆ. ಇದನ್ನು ನನ್ನ ಗುರುಗಳು ನನಗೆ ಕಲಿಸಿದರು, ನಾನು ನನ್ನ ವಿದ್ಯಾರ್ಥಿಗಳಿಗೆ ಕಲಿಸಿದೆ. ನನ್ನ ಮಗಳು ಮಧುಮತಿಯೊಬ್ಬಳೇ ಕಲಿಯಲಿಲ್ಲ. ನಾಲ್ಕನೆಯ ತರಗತಿಯಲ್ಲಿ ರಜೆ ಅರ್ಜಿ ಬರೆಯಲು ಹೇಳಿದಾಗ ಅವಳು, ನನಗೆ ಜ್ವರ ಬಂದಿದೆ, ಎರಡು ದಿನ ಬರುವುದಿಲ್ಲ ಎಂದಷ್ಟೇ ಬರೆದು ಸಹಿ ಹಾಕಿದ್ದಳು. ನಾನು ಕಿವಿ ಹಿಂಡಿದೆ. ಜ್ವರಕ್ಕೆ ದಯೆ ಏಕೆ ಬೇಕು ಎಂದು ಕೇಳಿದಳು.

ಅವಳು ಕಲಬುರಗಿಯಲ್ಲಿ ಕಾನೂನು ಓದಿ ಜೇವರ್ಗಿಯ ಒಬ್ಬ ವಯಸ್ಸಾದ ವಕೀಲರ ಕೈಕೆಳಗೆ ಸೇರಿದಳು. ವಾರಕ್ಕೆ ಎರಡು ದಿನ ಆಳಂದದ ಕೋರ್ಟಿಗೂ ಹೋಗುತ್ತಿದ್ದಳು. ಕರಿ ಕೋಟನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ನಸುಕಿನ ಬಸ್ಸು ಹಿಡಿದರೆ ಬಸ್ಸಿನಲ್ಲಿಯೇ ರೊಟ್ಟಿ ತಿನ್ನುವಳು. ಖಜೂರಿ ಗ್ರಾಮದ ಚಾಂದಬೀ ಎಂಬ ಹೆಣ್ಣುಮಗಳನ್ನು ಗಂಡನ ಮನೆಯವರು ಹೊರಗೆ ಹಾಕಿದ್ದರು. ಮೂರು ವರ್ಷ ಓಡಾಡಿ ಮಧುಮತಿ ಅವಳನ್ನು ಅದೇ ಮನೆಯೊಳಗೆ ಕೂಡಿಸಿದಳು. ಅಂದಿನಿಂದ ಪ್ರತಿ ರಂಜಾನಿಗೆ ಚಾಂದಬೀ ನಮ್ಮ ಮನೆಗೆ ಸುರಕುಂಬಾ ಪಾಯಸದ ಡಬ್ಬಿ ಕಳಿಸುತ್ತಿದ್ದಳು. ನನ್ನ ಹೆಂಡತಿ ಅಂಬುಬಾಯಿ ಆ ಡಬ್ಬಿಯನ್ನು ತೊಳೆದು, ಬರಿದಾಗಿ ಕಳಿಸಬಾರದೆಂದು ಶೇಂಗಾ ತುಂಬಿ ಮರಳಿಸುತ್ತಿದ್ದಳು.

ಈಗ ದಾರಿಯ ಮಾತು ಹೇಳಬೇಕು. ನಮ್ಮ ಕೇರಿಯವರು ಸತ್ತವರನ್ನು ಹೂಳುವ ಜಾಗ ಊರ ಪಶ್ಚಿಮಕ್ಕಿದೆ. ಅಲ್ಲಿಗೆ ಹೋಗುವ ಕಾಲುದಾರಿ ಊರಿನ ದೊಡ್ಡ ಜಮೀನುದಾರ ಬಸವಂತರಾಯರ ಹೊಲದ ಅಂಚಿನಲ್ಲಿದೆ. ನಮ್ಮ ಅಜ್ಜಂದಿರ ಕಾಲದಿಂದಲೂ ಯಾರ ಅಪ್ಪಣೆಯನ್ನೂ ಕೇಳದೆ ಅದೇ ದಾರಿಯಲ್ಲಿ ಹೆಣ ಹೊತ್ತು ಹೋಗಿದ್ದೇವೆ. ಕರಿ ಮಣ್ಣು. ಮಳೆಗಾಲದಲ್ಲಿ ಕಾಲು ಮೊಣಕಾಲವರೆಗೆ ಹೂತುಹೋಗುತ್ತದೆ. ನನ್ನ ತಾಯಿ ಸತ್ತಾಗ ಹೊತ್ತವರ ಕಾಲು ಜಾರಿ ಚಟ್ಟ ವಾಲಿತು, ಮುಖ ರಾಡಿಗೆ ಬಿತ್ತು. ಅಂಬುಬಾಯಿ ತನ್ನ ಸೀರೆಯ ಸೆರಗಿನಿಂದ ಆ ಮುಖವನ್ನು ಒರೆಸಿದಳು. ಮನೆಗೆ ಬಂದು ಸ್ನಾನ ಮಾಡಿದ ಮೇಲೆ ನನ್ನ ಮುಂದೆ ನಿಂತು ಹೇಳಿದಳು.

"ನನ್ನ ಮಾರಿಗಿ ರಾಡಿ ಹತ್ತಬಾರದು ನೋಡ್ರಿ. ಮಾತು ಕೊಡ್ರಿ."

ನಾನು ಮಾತು ಕೊಟ್ಟೆ. ಆಗ ಅವಳಿಗೆ ನಲವತ್ತು ದಾಟಿರಲಿಲ್ಲ. ಕೊಡುವುದು ಸುಲಭವಾಗಿತ್ತು.

ಹನ್ನೊಂದು ವರ್ಷದ ಹಿಂದೆ ಬಸವಂತರಾಯರು ಆ ದಾರಿಯನ್ನು ನೇಗಿಲು ಹೊಡೆದು ಹೊಲಕ್ಕೆ ಸೇರಿಸಲು ಹೊರಟರು. ಮಧುಮತಿ ಅಫಜಲಪುರದ ಕೋರ್ಟಿನಲ್ಲಿ ಕೇರಿಯ ಪರವಾಗಿ ದಾವೆ ಹಾಕಿದಳು. ಓದುಬರಹ ಬಲ್ಲ ಹಿರಿಯನೆಂದು ನನ್ನನ್ನೇ ಮೊದಲನೆಯ ವಾದಿಯನ್ನಾಗಿ ಮಾಡಿದಳು. ತೀರ್ಪು ಬರುವವರೆಗೆ ಆ ನೆಲವನ್ನು ಎರಡೂ ಕಡೆಯವರು ಇದ್ದಂತೆಯೇ ಇಡಬೇಕೆಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು. ನೇಗಿಲು ನಿಂತಿತು. ಕೇರಿಯವರು ಹಲಗೆ ಬಾರಿಸಿದರು. ಆ ಗೆಲುವಿನ ಮೇಲೆಯೇ ಎರಡು ವರ್ಷ ಕಳೆದು ಅವಳು ಜಿಲ್ಲಾ ಪಂಚಾಯತಿಗೆ ನಿಂತು ಆರಿಸಿಬಂದಳು.

ಸದಸ್ಯೆಯಾಗಿ ಅವಳು ಮಾಡಿಸಿದ ಮೊದಲ ಕೆಲಸ ಆ ದಾರಿ ರಾಡಿಯಾಗದಂತೆ ಮುರಮು, ಅಂದರೆ ಗರಸು ಮಣ್ಣು, ಹಾಕುವ ಮಂಜೂರಾತಿ. ಟ್ರಾಕ್ಟರುಗಳು ಬಂದು ನಿಂತಾಗ ಬಸವಂತರಾಯರು ಕೋರ್ಟಿನ ಆದೇಶದ ಪ್ರತಿಯನ್ನು ಇಂಜಿನಿಯರರ ಕೈಗೆ ಕೊಟ್ಟರು. ಇದ್ದಂತೆಯೇ ಇಡಬೇಕು ಎಂದರೆ ಮುರಮನ್ನೂ ಹಾಕಬಾರದು. ಅವರು ಕೈಮುಗಿದುಕೊಂಡೇ ಮಾತನಾಡಿದರು.

"ನಾ ಏನ್ ಮಾಡ್ಲಿರಿ ಮೆಂಬರ್ ಬಾಯಾರ? ಇದು ನೀವ ತಂದ ಸ್ಟೇ ಅದ. ನಾ ಕೋರ್ಟಿಗಿ ಅಂಜೂ ಮನಷ್ಯಾ."

ಟ್ರಾಕ್ಟರುಗಳು ತಿರುಗಿ ಹೋದವು. ಆದೇಶವನ್ನು ತೆಗೆಸಿದರೆ ಅದೇ ದಿನ ನೇಗಿಲು ಬರುತ್ತಿತ್ತು, ಇಟ್ಟುಕೊಂಡರೆ ರಾಡಿ ಇರುತ್ತಿತ್ತು. ಮಧುಮತಿ ರಾಡಿಯನ್ನು ಇಟ್ಟುಕೊಂಡಳು. ದಾವೆ ಮಾತ್ರ ಪೇಶಿಯಿಂದ ಪೇಶಿಗೆ, ಒಂದು ವಿಚಾರಣೆಯ ತಾರೀಖಿನಿಂದ ಇನ್ನೊಂದಕ್ಕೆ ಹೋಯಿತು. ಒಮ್ಮೆ ನ್ಯಾಯಾಧೀಶ ಸಾಹೇಬರ ವರ್ಗಾವಣೆ, ಒಮ್ಮೆ ಆ ಕಡೆಯ ವಕೀಲರಿಗೆ ಸೊಂಟನೋವು. ಕೇರಿಯ ಚಂದ್ರಭಾಗವ್ವ ಎಂಬ ಮುದುಕಿಗೆ ಬಾಯಿ ಜೋರು. ನಳದ ಹತ್ತಿರ ಹತ್ತು ಜನರ ಮುಂದೆ ಅಂದಳು.

"ದಾರಿಗಿ ಕೀಲಿ ಹಾಕಿ, ಕೀಲಿಕೈ ಕೋರ್ಟಿನ್ಯಾಗ ಇಟ್ಟು ಬಂದಾಳ ನೋಡಬೇ ನಮ್ಮ ಮೆಂಬರ್."

ಮಧುಮತಿ ನಕ್ಕು ಅವಳ ಕೊಡಕ್ಕೆ ಕೈ ಹಚ್ಚಿ ಎತ್ತಿಕೊಟ್ಟಳು. ಐದು ವರ್ಷದ ಅವಧಿ ಮುಗಿಯಿತು. ಮುಂದಿನ ಚುನಾವಣೆ ಇಂದು ನಾಳೆ ಎನ್ನುತ್ತ ನಡೆಯಲೇ ಇಲ್ಲ. ಅವಳು ಮಾಜಿ ಸದಸ್ಯೆಯಾಗಿ ಮತ್ತೆ ಕರಿ ಕೋಟು ಹಾಕಿಕೊಂಡು ಆಳಂದ, ಜೇವರ್ಗಿ ಎಂದು ಬಸ್ಸು ಹತ್ತಿದಳು. ದಾರಿಯ ದಾವೆಯನ್ನು ಮಾತ್ರ ಬೇರೆ ಯಾರ ಕೈಗೂ ಕೊಡಲಿಲ್ಲ.

ಕಳೆದ ವರ್ಷ ಶ್ರಾವಣದಲ್ಲಿ ಅಂಬುಬಾಯಿ ಹೋದಳು. ಎಂಟು ದಿನ ಜ್ವರ, ಒಂಬತ್ತನೆಯ ದಿನ ಬೆಳಿಗ್ಗೆ ನಾನು ಬುದ್ಧನ ಪಟದ ಮುಂದೆ ಪಂಚಶೀಲ ಹೇಳಿ ಎದ್ದು ನೋಡುವಷ್ಟರಲ್ಲಿ ಉಸಿರು ನಿಂತಿತ್ತು. ನಲವತ್ತಾರು ವರ್ಷ ನನ್ನ ಜೊತೆ ಬಾಳಿದವಳು. ನನಗೆ ಅಳು ಬರಲಿಲ್ಲ. ಹೊರಗೆ ಮೂರು ದಿನದಿಂದ ಮಳೆ ಹಿಡಿದಿತ್ತು, ನಾನು ಮಳೆಯನ್ನೇ ನೋಡುತ್ತಿದ್ದೆ.

ಚಂದ್ರಭಾಗವ್ವನ ಮಗ ಶಾಂತಕುಮಾರ ದಾರಿ ನೋಡಿಕೊಂಡು ಬಂದ. ಅವನ ತೊಡೆಯವರೆಗೆ ಕೆಸರಿತ್ತು. ಹೊತ್ತುಕೊಂಡು ದಾಟುವುದು ಕಷ್ಟ ಎಂದ. ಬಸವಂತರಾಯರ ಹೊಲದ ನಡುವೆ ಟ್ರಾಕ್ಟರಿಗೆಂದು ಮುರಮು ಹಾಕಿದ ಗಟ್ಟಿ ದಾರಿಯೊಂದಿದೆ, ಅವರನ್ನು ಕೇಳಬಹುದೇ ಎಂದ. ಮಧುಮತಿ ತಾಯಿಯ ತಲೆಯ ಹತ್ತಿರ ಕುಳಿತಿದ್ದಳು. ಕೇಳಬಾರದು ಎಂದಳು. ನಮ್ಮ ದಾರಿ ನಮ್ಮ ಹಕ್ಕು, ಅವರ ಅಪ್ಪಣೆ ಕೇಳಿದೆವು ಎಂದಾದರೆ ಹಕ್ಕು ಉಳಿಯುವುದಿಲ್ಲ, ನಿಧಾನವಾಗಿ ರಾಡಿಯಲ್ಲಿಯೇ ಹೋಗೋಣ ಎಂದಳು. ಆ ಮಾತು ಹೇಳುವಾಗ ಅವಳ ಕೈ ತಾಯಿಯ ಗಲ್ಲದ ಮೇಲಿತ್ತು.

ನನಗೆ ಅವಳ ಮಾತು ತಿಳಿಯಿತು. ಆದರೂ ನಾನು ಕೊಡೆ ಹಿಡಿದು ಹಿತ್ತಲ ಬಾಗಿಲಿನಿಂದ ಹೊರಟೆ.

ಬಸವಂತರಾಯರು ನನ್ನನ್ನು ಪಡಸಾಲೆಯ ಕುರ್ಚಿಯಲ್ಲಿ ಕೂಡಿಸಿದರು. ಹಿಂದೆ ಎಂದೂ ಕೂಡಿಸಿರಲಿಲ್ಲ.

"ಮಾಸ್ತರ, ನಿಮ್ಮ ದುಃಖದಾಗ ನಾ ಅಡ್ಡ ಬರಂಗಿಲ್ಲ. ಆದ್ರ ನಿಮ್ಮ ಮಗಳು ಕೋರ್ಟಿನಾಕಿ. ನಾಳಿ ಏನರ ಅಂದ್ರ? ಎರಡ ಸಾಲು ಬರದು ಕೊಡ್ರಿ, ಸಾಕು."

ಅವರು ಕೇಳಿದ್ದು ಎರಡು ಸಾಲು. ಇಂದು ಒಂದು ದಿನ ಟ್ರಾಕ್ಟರಿನ ದಾರಿಯಲ್ಲಿ ಹೋಗುತ್ತೇವೆ ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಆದರೆ ಕಾಗದ ಮುಂದೆ ಬಂದ ಕೂಡಲೇ ನನ್ನ ಕೈ ಅರ್ಜಿಯ ರೀತಿಯನ್ನು ಹಿಡಿಯಿತು. ಸನ್ಮಾನ್ಯರೇ. ನಮ್ಮ ಕೇರಿಯವರು ಸ್ಮಶಾನಕ್ಕೆ ಹೋಗಲು ತಾವು ಈ ಹಿಂದೆಯೂ ದೊಡ್ಡ ಮನಸ್ಸಿನಿಂದ ತಮ್ಮ ಹೊಲದಲ್ಲಿ ಅಪ್ಪಣೆ ಕೊಡುತ್ತ ಬಂದಿದ್ದೀರಿ. ಅದರಂತೆಯೇ ಇಂದೂ ಅಪ್ಪಣೆ ಕೊಡಬೇಕಾಗಿ ವಿನಂತಿ. ತಮ್ಮ ವಿಧೇಯ, ದೇವೀಂದ್ರಪ್ಪ. ದುಃಖದಲ್ಲಿಯೂ ಅಕ್ಷರ ಕೆಡಲಿಲ್ಲ. ಬಸವಂತರಾಯರು ಅದನ್ನು ಎರಡು ಸಲ ಓದಿ, ಮಡಿಚಿ, ಒಳಗೆ ಹೋಗಿ ಇಟ್ಟು ಬಂದರು. ಬಂದವರು ನನಗೆ ಕೈಮುಗಿದರು.

ಚಟ್ಟ ಎತ್ತಿ ಹೊರಟಾಗ ನಾನು ಮುಂದೆ ನಡೆದು ಟ್ರಾಕ್ಟರಿನ ದಾರಿಗೆ ತಿರುಗಿದೆ. ಮಧುಮತಿ ನಿಂತುಬಿಟ್ಟಳು. ಮಳೆಯಲ್ಲಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಏನ್ ಬರದ್ರಿ ಅಪ್ಪಾ?"

ಅವರು ದಾರಿ ಬಿಟ್ಟರು ಎಂದೆ. ಅವಳು ಚಟ್ಟದ ಹಿಂದೆ ನಡೆದಳು. ಅಂಬುಬಾಯಿ ಗಟ್ಟಿ ನೆಲದ ಮೇಲೆ, ಅಲುಗಾಡದೆ ಹೋದಳು. ಮಣ್ಣು ಕೊಡುವ ಮುಂಚೆ ನಾನು ಬಗ್ಗಿ ನೋಡಿದೆ. ಮುಖಕ್ಕೆ ಮಳೆಯ ನೀರು ಬಿಟ್ಟರೆ ಬೇರೆ ಏನೂ ಹತ್ತಿರಲಿಲ್ಲ. ಆಗ ನನಗೆ ಅಳು ಬಂತು.

ನಾಲ್ಕು ತಿಂಗಳ ಮೇಲೆ ದಾವೆಯಲ್ಲಿ ಸಾಕ್ಷಿ ಹೇಳುವ ಸಮಯ ಬಂದಿತು. ಹತ್ತು ವರ್ಷ ತೆವಳಿದ ದಾವೆ ಈಗ ಓಡತೊಡಗಿತು. ಆ ಕಡೆಯ ವಕೀಲರು ನನ್ನ ಅರ್ಜಿಯನ್ನು ಕೋರ್ಟಿಗೆ ಹಾಜರು ಮಾಡಿದರು. ಅದರ ಪ್ರತಿಯನ್ನು ಮಧುಮತಿ ಮನೆಗೆ ತಂದು ನನ್ನ ಮುಂದೆ ಇಟ್ಟಳು. ಅವಳು ಬೈಯಲಿಲ್ಲ. ಈ ಹಿಂದೆಯೂ ಅಪ್ಪಣೆ ಕೊಡುತ್ತ ಬಂದಿದ್ದೀರಿ ಎಂಬಲ್ಲಿ ಬೆರಳಿಟ್ಟು, ಈ ಒಂದು ಸಾಲು ಯಾಕೆ ಎಂದಳು. ಅವಳು ನಾಲ್ಕನೆಯ ತರಗತಿಯ ರಜೆ ಅರ್ಜಿಯಲ್ಲಿ ಬಿಟ್ಟ ಸಾಲು ಅದೇ.

ಸಾಕ್ಷಿಯ ಹಿಂದಿನ ದಿನ ಶಾಂತಕುಮಾರ ಮನೆಗೆ ಬಂದು ನನ್ನ ಮುಂದೆ ನೆಲದ ಮೇಲೆ ಕುಳಿತ.

"ಕಾಕಾ, ನನ್ನ ಅಕ್ಷರ ಅಲ್ಲ ಅನ್ರಿ. ಒಂದ ಮಾತು. ಇಡೀ ಕೇರಿ ಉಳಿತದ."

ನಾನು ಮಗಳ ಮುಖ ನೋಡಿದೆ. ಅವಳು ಕೈಯಲ್ಲಿದ್ದ ಕಡತವನ್ನು ಮುಚ್ಚಿಟ್ಟಳು.

"ನನಗ ಕೇಳಬ್ಯಾಡ್ರಿ ಅಪ್ಪಾ. ಸುಳ್ಳು ಹೇಳ್ರಿ ಅಂತ ಹೇಳಾಕ ನಾ ವಕೀಲಕಿ, ಬರಂಗಿಲ್ಲ. ಖರೇ ಹೇಳ್ರಿ ಅನ್ನಾಕ ನಾಲಿಗಿ ಏಳವಲ್ದು."

ನಾನು ಐವತ್ತು ವರ್ಷದಿಂದ ದಿನವೂ ಬೆಳಿಗ್ಗೆ ಸುಳ್ಳಾಡುವುದಿಲ್ಲ ಎಂದು ಬುದ್ಧನ ಮುಂದೆ ಹೇಳುತ್ತ ಬಂದವನು. ಮರುದಿನ ಬೆಳಿಗ್ಗೆಯೂ ಹೇಳಿದೆ. ಹೇಳಿ ಅಫಜಲಪುರದ ಬಸ್ಸು ಹತ್ತಿದೆ.

ಕಟಕಟೆಯಲ್ಲಿ ಆ ಕಡೆಯ ವಕೀಲರು ಅರ್ಜಿಯನ್ನು ನನ್ನ ಕೈಗೆ ಕೊಟ್ಟು, ಅಕ್ಷರ ಯಾರದು ಎಂದು ಕೇಳಿದರು. ನನ್ನದು ಎಂದೆ. ಸಹಿ? ನನ್ನದು. ಯಾರಾದರೂ ಹೆದರಿಸಿ ಬರೆಸಿದರೇ? ಇಲ್ಲ. ಅವರು ಕುಳಿತರು. ಮಧುಮತಿ ಎದ್ದು ನಿಂತಳು. ಮಗಳಾಗಿ ಅಲ್ಲ, ವಕೀಲೆಯಾಗಿ ನನ್ನನ್ನು ಕೇಳಿದಳು. ಬಸವಂತರಾಯರು ಇದಕ್ಕೂ ಮುಂಚೆ ಎಂದಾದರೂ ಅಪ್ಪಣೆ ಕೊಟ್ಟಿದ್ದರೇ? ಎಂದೂ ಇಲ್ಲ, ನಾವು ಕೇಳಿಯೇ ಇರಲಿಲ್ಲ ಎಂದೆ. ಹಾಗಿದ್ದರೆ ಕೊಟ್ಟಿದ್ದೀರಿ ಎಂದು ಏಕೆ ಬರೆದಿರಿ ಎಂದು ಕೇಳಿದಳು.

"ಅರ್ಜಿ ಹಂಗ ಬರೀತಾರ್ರೀ," ಎಂದೆ.

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸಾಹೇಬರು ತಲೆ ತಗ್ಗಿಸಿ ಅದನ್ನು ಬರೆದುಕೊಂಡರು. ಮಧುಮತಿಗೆ ಕೇಳಲು ಬೇರೆ ಪ್ರಶ್ನೆ ಉಳಿದಿರಲಿಲ್ಲ. ಕೋಟಿನ ತೋಳನ್ನು ಸರಿಮಾಡಿಕೊಂಡು ಕುಳಿತಳು. ಸುಳ್ಳನ್ನು ನಾನು ಮೊದಲೇ ಬರೆದುಕೊಟ್ಟಿದ್ದೆ. ಅದನ್ನು ನಾನೇ ಬರೆದೆನೆಂಬ ನಿಜವನ್ನು ಆ ದಿನ ಹೇಳಿದೆ. ಎರಡೂ ಬಸವಂತರಾಯರಿಗೇ ಉಪಯೋಗವಾದವು.

ಯುಗಾದಿ ಕಳೆದ ಮೇಲೆ ತೀರ್ಪು ಬಂತು. ಕೇರಿಯವರು ಹೊಲದ ಮಾಲೀಕರ ಅಪ್ಪಣೆಯಿಂದ ಓಡಾಡುತ್ತಿದ್ದರೆಂದು ಮೊದಲನೆಯ ವಾದಿಯೇ ಬರೆದುಕೊಟ್ಟಿರುವುದರಿಂದ ಹಕ್ಕು ಸಾಬೀತಾಗಿಲ್ಲ ಎಂದು ದಾವೆ ವಜಾ ಆಯಿತು. ದಾವೆಯೊಂದಿಗೆ ತಡೆಯಾಜ್ಞೆಯೂ ಹೋಯಿತು. ಮೂರನೆಯ ದಿನ ಬಸವಂತರಾಯರು ನೇಗಿಲು ಹೊಡೆಸಿದರು. ಈಗ ಆ ದಾರಿಯಲ್ಲಿ ಕಬ್ಬು ಇದೆ. ಮಧುಮತಿ ಕಲಬುರಗಿಯಲ್ಲಿ ಮೇಲ್ಮನವಿ ಹಾಕಿದ್ದಾಳೆ. ಪೇಶಿಗಳು ಬೀಳುತ್ತಿವೆ. ಪಕ್ಷದವರು ಒಮ್ಮೆ ಮನೆಗೆ ಬಂದು ಚಹಾ ಕುಡಿದು, ಚುನಾವಣೆ ಬಂದರೆ ಈ ಸಲ ಬೇರೆಯವರಿಗೆ ಅವಕಾಶ ಕೊಡಬೇಕಾದೀತು, ಸ್ವಂತ ಕೇರಿಯಲ್ಲಿಯೇ ಹೆಸರು ಕೆಟ್ಟಿದೆ ಎಂದು ಹೇಳಿ ಹೋದರು. ಮೆಂಬರ್ ತಾಯಿ ಒಣ ದಾರಿಯಲ್ಲಿ ಹೋದಳು, ನಮಗೆ ದಾರಿಯೇ ಇಲ್ಲದಂತಾಯಿತು ಎಂದು ಜನ ಅನ್ನುತ್ತಾರೆ. ಅನ್ನುವುದರಲ್ಲಿ ತಪ್ಪಿಲ್ಲ. ತಪ್ಪು ನನ್ನದು, ಹೆಸರು ಅವಳದು ಕೆಟ್ಟಿತು.

ಈ ವರ್ಷ ಆಷಾಢದಲ್ಲಿ ಚಂದ್ರಭಾಗವ್ವ ತೀರಿಕೊಂಡಳು. ಸಣ್ಣಗೆ ಮಳೆ ಬರುತ್ತಿತ್ತು. ಶಾಂತಕುಮಾರ ನಮ್ಮ ಬಾಗಿಲಿಗೆ ಬಂದು ನಿಂತ. ತೀರ್ಪು ಬಂದಾಗಿನಿಂದ ಅವನು ನಮ್ಮ ಮನೆಗೆ ಬಂದಿರಲಿಲ್ಲ. ಕೈಯಲ್ಲಿ ಒಂದು ಬಿಳಿ ಹಾಳೆ ಇತ್ತು.

"ಕಾಕಾ, ರಾಯರು ಅರ್ಜಿ ಬೇಕಂತಾರ. ನಿಮ್ಮ ಅಕ್ಷರದಾಗ ಬೇಕಂತ, ಹ್ವಾದ ಸಲದಂಗ."

ಮಧುಮತಿ ಜೇವರ್ಗಿಗೆ ಹೊರಟವಳು, ಚೀಲ ಹೆಗಲಿಗೆ ಹಾಕಿಕೊಂಡಿದ್ದಳು. ನಾನು ಹಾಳೆಯನ್ನು ಮುಟ್ಟದೆ ಅವಳನ್ನು ನೋಡಿದೆ. ಅವಳು ಚೀಲವನ್ನು ಇಳಿಸಿ ಹೊಸ್ತಿಲ ಮೇಲೆ ಕುಳಿತಳು.

"ಬರೀರಿ ಅಪ್ಪಾ. ಮುದುಕಿ ಎಷ್ಟೊತ್ತು ಕಾಯಬೇಕು?"

ನಾನು ಬರೆದೆ. ಸನ್ಮಾನ್ಯರೇ ಎಂದು ಮೊದಲು ಮಾಡಿದೆ. ತಾವು ಈ ಹಿಂದೆಯೂ ಅಪ್ಪಣೆ ಕೊಟ್ಟಿದ್ದೀರಿ ಎನ್ನುವಲ್ಲಿಗೆ ಬಂದಾಗ ಲೇಖನಿ ನಿಂತಿತು. ಅಂಬುಬಾಯಿಗೆ ಅವರು ಅಪ್ಪಣೆ ಕೊಟ್ಟಿದ್ದರಿಂದ ಈ ಸಲ ಆ ಮಾತು ನಿಜವಾಗಿತ್ತು. ಬರೆದು ಸಹಿ ಹಾಕಿ ಮಗಳ ಕೈಗೆ ಕೊಟ್ಟೆ. ಅವಳು ಮೊದಲಿನಿಂದ ಕೊನೆಯವರೆಗೆ ಓದಿದಳು. ಒಂದಕ್ಷರವನ್ನೂ ತಿದ್ದಲಿಲ್ಲ. ಮಳೆಗೆ ನೆನೆಯಬಾರದೆಂದು ತನ್ನ ಕಡತದ ಪ್ಲಾಸ್ಟಿಕ್ ಹಾಳೆಯೊಂದನ್ನು ತೆಗೆದು ಅದರೊಳಗೆ ಅರ್ಜಿಯನ್ನು ಇಟ್ಟು ಶಾಂತಕುಮಾರನಿಗೆ ಕೊಟ್ಟಳು. ಆಮೇಲೆ ಕರಿ ಕೋಟನ್ನು ಗೂಟಕ್ಕೆ ಹಾಕಿ, ಮುದುಕಿಯ ಮಣ್ಣಿಗೆ ಹೋಗಲು ಕೊಡೆ ಹುಡುಕಿದಳು.