ಹಗೇವಿನ ಬಾಯಿಗಲ್ಲು

"ಬರ್ರಿ ಮಕ್ಕಳ್ರ್ಯಾ! ದ್ರೋಹಿಗಳನ್ನ ಜೀವಂತ ಇಳಸತಿದ್ದ ಸಾವಿನ ಬಾವಿ ಇದು!"

ಸ್ಪೀಕರಿನಿಂದ ಹೊರಬಿದ್ದದ್ದು ಜಟ್ಟೆಪ್ಪನ ದನಿಯೇ. ಬಾಗಿಲಲ್ಲಿ ನಿಂತಿದ್ದ ಜಟ್ಟೆಪ್ಪ ಮಾತ್ರ ಬಾಯಿ ತೆರೆದಿರಲಿಲ್ಲ. ಹಿಂದೆಯೇ ಯಾರೋ ಚೀರಿದ ಸದ್ದು, ನಡುವೆ ತೂತಿದ್ದ ದುಂಡು ಕಲ್ಲಿನ ಮೇಲೆ ಕೆಂಪು ದೀಪ. ತನ್ನ ಎಂಜಲನ್ನು ಇನ್ನೊಬ್ಬರು ಬಾಯಲ್ಲಿಟ್ಟುಕೊಂಡು ಉಗುಳಿದಂತೆ ಅವನಿಗೆ ಅನಿಸಿತು.

ಬೈಲಹೊಂಗಲದ ಆ ಖಾಸಗಿ ವಸ್ತುಸಂಗ್ರಹಾಲಯಕ್ಕೆ ಇಪ್ಪತ್ತು ವರ್ಷದಿಂದ ಅವನೇ ಕಾವಲುಗಾರ, ಅವನೇ ಕಥೆಗಾರ. ಫಿರಂಗಿಯ ಮುಂದೆ ಫಿರಂಗಿಯಾಗಿ ಗುಡುಗುತ್ತಿದ್ದ. ನೇಗಿಲ ಮುಂದೆ ಮೈಗಳ್ಳ ಎತ್ತಾಗಿ ನಿಟ್ಟುಸಿರುಬಿಡುತ್ತಿದ್ದ. ಹೋದ ತಿಂಗಳು ಬೆಂಗಳೂರಿನ ಡಿಜಿಟಲ್ ಕಂಪನಿಯ ಸಪ್ನಾ ಮೇಡಂ ಬಂದು ಎರಡು ದಿನ ಮೈಕಿನ ಮುಂದೆ ಕೂರಿಸಿ ನಗಿಸಿದರು, ಅಳಿಸಿದರು. ಕಥೆ ಉಳಿಯುತ್ತದಲ್ಲ ಎಂದು, ಅವರು ಕೇಳದಿದ್ದರೂ ಅವನು ಆಡಿನ ಕೂಗನ್ನೂ ಕೂಗಿ ಕೊಟ್ಟ. ಕಂಪ್ಯೂಟರು ಅವನ ದನಿ ನುಂಗಿ, ಅವನು ಹೇಳದ ಕಥೆ ಉಗುಳಿತು. ಈಗ ಅಲ್ಲಿ ಕಲ್ಲು, ಕಬ್ಬಿಣ ಎಲ್ಲ ಮಾತಾಡುತ್ತವೆ. ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು.

"ಮೇಡಮ್ಮಾರ, ಇದು ಹಗೇವಿನ ಬಾಯಿಗಲ್ಲರಿ. ನೆಲದಾಗ ಜ್ವಾಳ ತುಂಬಿಡೂ ಹಗೇವು. ಮಂದೀನ ಯಾಕ ಇಳಸತಾರ?" ಎಂದು ಬೆಳಿಗ್ಗೆಯೇ ಹೇಳಿದ್ದ.

"ಜೋಳ ಅಂದ್ರೆ ಮಕ್ಕಳು ಆಕಳಿಸ್ತಾರೆ ಜಟ್ಟೆಪ್ಪ ಅವರೇ. ವಾಯ್ಸ್ ನಿಮ್ಮದೇ ಅಲ್ವಾ, ಖುಷಿಪಡಿ."

'ಖುಷಿಪಡಿ' ಎಂಬುದನ್ನು ಸಪ್ನಾರದೇ ಮೂಗಿನಲ್ಲಿ ಒಳಗೊಳಗೇ ಅಂದುನೋಡಿದ್ದ. ಅದೂ ಕಹಿಯಾಗಿತ್ತು.

ಇವತ್ತು ಬಂದವರು ದೊಡವಾಡದ ಶಾಲೆಯ ಮಕ್ಕಳು. ಅವನ ಸ್ವಂತ ಊರು. ಜೊತೆಗೆ ಬಿಸಿಯೂಟ ಮಾಡುವ ಸತ್ಯವ್ವ, ಅವನ ಅಣ್ಣ ಭೀಮಶಿಯ ಹೆಂಡತಿ. ಮೂವತ್ತು ವರ್ಷದ ಹಿಂದೆ ಹಗೇವಿನಿಂದ ಜೋಳ ತೆಗೆಯಲು ಇಳಿದ ಭೀಮಶಿ, ಒಳಗಿನ ಕೆಟ್ಟ ಗಾಳಿ ಕುಡಿದು ಅಲ್ಲೇ ಸತ್ತಿದ್ದ. ಮೇಲೆ ಹಗ್ಗ ಹಿಡಿದು ನಿಂತವನು ಜಟ್ಟೆಪ್ಪ.

ಸತ್ಯವ್ವ ಸ್ಪೀಕರನ್ನು ನೋಡಿದಳು, ಆಮೇಲೆ ಮೈದುನನನ್ನು. "ಹಗೇಕ ಇಳಿದಾವ್ರು ದ್ರೋಹಿಗಳೇನೋ, ಜಟ್ಟೆಪ್ಪಾ?"

"ನಾ ಅಂದಿಲ್ಲ ವೈನಿ. ಆ ಮಷಿನ್ನು..."

"ನಿನ್ನ ದನಿ ನನಗ ಗೊತ್ತಾಗೂದಿಲ್ಲೇನು? ಅವತ್ತ ಹಗೇದ ಮ್ಯಾಲೆ ನಿಂತ ಒದರಿದ್ದೂ ಇದ ದನಿ."

"ಏ, ಈ ಅಜ್ಜ ಥೇಟ್ ಮಷಿನ್ ಗತೆ ಮಾತಾಡ್ತಾನಲೇ!" ಹುಡುಗರು ಕಿಸಕ್ಕನೆ ನಕ್ಕರು.

ಊರನ್ನೆಲ್ಲ ಅಣಕಿಸಿ ಬದುಕಿದವನು ಈಗ ಈ ಹುಡುಗರ ಲೆಕ್ಕದಲ್ಲಿ ಮಷಿನ್ನನ್ನು ಅಣಕಿಸುತ್ತಿದ್ದ.

ತನ್ನ ಖೋಲಿಗೆ ಹೋಗಿ ಹಗ್ಗ, ಕಂದೀಲು ತಂದ. ಹಗೇವಿನ ಕಥೆಗೆಂದೇ ಇಟ್ಟುಕೊಂಡದ್ದು, ತಿಂಗಳಿಂದ ಹೊತ್ತಿಸಿರಲಿಲ್ಲ. ಗಾಜು ಎತ್ತಿ ಕಡ್ಡಿ ಗೀರಿದ.

"ಹೊಗೆ ಸೆನ್ಸರ್ ಇದೆ! ಬೆಂಕಿ ಹಚ್ಚಬೇಡಿ!" ಸಪ್ನಾ ಓಡಿ ಬಂದರು.

ಜಟ್ಟೆಪ್ಪ ಕಂದೀಲಿಗೆ ಹಗ್ಗ ಕಟ್ಟಿದ. ಸೊಂಟದೆತ್ತರದ ಪೊಳ್ಳು ಕಟ್ಟೆಯ ಮೇಲೆ ಕೂರಿಸಿದ್ದ ಕಲ್ಲಿನ ಬಾಯೊಳಗೆ ದೀಪವನ್ನು ಮೆಲ್ಲನೆ ಇಳಿಬಿಟ್ಟ. ನಗು ನಿಂತಿತು.

"ಇದ್ಯಾಕ ಅಜ್ಜಾ?" ಎರಡು ಜಡೆಯ ಹಿನಾಕೌಸರ ಬಗ್ಗಿ ಕೇಳಿದಳು.

ಅವನು ಹಗ್ಗವನ್ನು ಇನ್ನೊಂದು ಗೇಣು ಸಡಿಲಿಸಿದ. ಸತ್ಯವ್ವ ಅವನ ಪಕ್ಕ ಬಂದು ನಿಂತಳು.

"ಮೊದಲ ದೀಪ ಇಳಸಬೇಕವಾ. ಆರಿತಂದ್ರ ಒಳಗ ಕೆಟ್ಟ ಗಾಳಿ ಐತಿ, ಇಳೀಬಾರ್ದು. ನಮ್ಮ ಮನಿಯವರು ಗಡಿಬಿಡಿಯಾಗ ಹಂಗ ಇಳದ್ರು."

"ವಾವ್, ಹಾಗೇ ಇರಿ, ಇದನ್ನೂ ರೆಕಾರ್ಡ್ ಮಾಡ್ಕೊಳ್ಳೋಣ!" ಸಪ್ನಾ ಮೊಬೈಲು ಎತ್ತಿದರು. ಜಟ್ಟೆಪ್ಪ ಮುಖ ತಿರುವಿದ.

ಸ್ಪೀಕರು ಅವನ ದನಿಯಲ್ಲಿ ಮತ್ತೆ ಮೊದಲಿನಿಂದ ಕರೆಯತೊಡಗಿತು. ಯಾರೂ ತಿರುಗಲಿಲ್ಲ. ಮಕ್ಕಳು ಕಲ್ಲಿನ ಅಂಚಿಗೆ ಗದ್ದವೂರಿ, ಉಸಿರು ಹಿಡಿದು ಕೆಳಗಿನ ದೀಪವನ್ನೇ ನೋಡುತ್ತಿದ್ದರು. ಸತ್ಯವ್ವ ಅವನ ಕೈಯ ಕೆಳಗೆ ತನ್ನದೊಂದು ಕೈ ಹಾಕಿ ಹಗ್ಗವನ್ನು ಹಿಡಿದಳು.